ಹೆಗ್ಗನಹಳ್ಳಿಯಲ್ಲಿ ಬಾಲ್‌ಪಾರ್ಕ್ ಎಲ್ಲಿದೆ?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಬೆನ್ನು ತಾಗಿಸಿಕೊಂಡಿರುವ ಹೆಗ್ಗನಹಳ್ಳಿಯ ಅಡ್ಡರಸ್ತೆಗಳಲ್ಲಿ ಕೆಳಗೆ ಶೆಡ್ಡು, ಮೇಲೆ ಬಾಡಿಗೆ ಮನೆ ಇರುವ ಕಟ್ಟಡಗಳಿಗೆ ಲೆಕ್ಕವಿಲ್ಲ. ಎರಡು ಲೇತು, ಸಾಲ ಮಾಡಿ ತಂದ ಒಂದು ಸಿಎನ್‌ಸಿ ಮೆಷಿನ್, ಬಾಗಿಲ ಬಳಿ ಕಬ್ಬಿಣದ ಸುರುಳಿ ಚೂರುಗಳ ಗುಡ್ಡೆ. ಅಂಥದ್ದೊಂದು ಶೆಡ್ಡಿಗೆ ಅಮೆರಿಕದ ಕಂಪನಿಯಿಂದ ಒಂದು ಮೇಲ್ ಬಂತೆನ್ನಿ. ಜೊತೆಗೆ ಡ್ರಾಯಿಂಗ್ ಇದೆ, ಮೆಟೀರಿಯಲ್ ಗ್ರೇಡ್ ಇದೆ, ಟಾಲರೆನ್ಸ್ ಇದೆ. ಮೈಕ್ರಾನ್ ಲೆಕ್ಕದಲ್ಲಿ ದುಡಿಯುವ ಯಜಮಾನರಿಗೆ ಅದರಲ್ಲಿ ತಿಳಿಯದ್ದು ಏನೂ ಇಲ್ಲ, ಕಡೆಯ ಸಾಲೊಂದನ್ನು ಬಿಟ್ಟು. ‘ಒಂದು ಬಾಲ್‌ಪಾರ್ಕ್ ಫಿಗರ್ ಕಳಿಸಿ’ ಎಂದಿದೆ ಆ ಸಾಲು. ಬಾಲ್ ಎಂದರೆ ಚೆಂಡು, ಪಾರ್ಕ್ ಎಂದರೆ ಉದ್ಯಾನ, ಫಿಗರ್ ಎಂದರೆ ಆಕೃತಿ. ಚೆಂಡಿನ ಉದ್ಯಾನದ ಆಕೃತಿಯನ್ನು ಕಳಿಸುವುದು ಹೇಗೆ? ಡಿಪ್ಲೊಮಾ ಓದಿದ ಮಗ ಇದು ಬಾಲ್ ಬೇರಿಂಗಿಗೆ ಸಂಬಂಧಪಟ್ಟದ್ದಿರಬೇಕು ಎನ್ನುತ್ತಾನೆ. ಆ ಓಣಿಯಲ್ಲಿ ನಿಂತು ನೋಡಿದರೆ ಅದು ದಡ್ಡತನದ ಊಹೆ ಏನಲ್ಲ.

ಬಾಲ್‌ಪಾರ್ಕ್ ಎಂದರೆ ಅಮೆರಿಕದವರ ಬೇಸ್‌ಬಾಲ್ ಮೈದಾನ. ಸರಿಯಾಗಿ ಎಲ್ಲಿ ಎಂದು ಬೊಟ್ಟು ಮಾಡಿ ತೋರಿಸಲಾಗದಿದ್ದರೂ ಆ ಮೈದಾನದ ಒಳಗೇ ಎಲ್ಲೋ ಇದೆ ಎನ್ನುವಷ್ಟು ಹತ್ತಿರದ ಅಂದಾಜು, ಬಾಲ್‌ಪಾರ್ಕ್ ಫಿಗರ್. ಕಂಪನಿ ಕೇಳಿದ್ದು ಪೀಸಿಗೆ ಸುಮಾರು ಎಷ್ಟಾದೀತು ಎಂಬ ರೇಟು, ಅಷ್ಟೇ. ಬೇಸ್‌ಬಾಲ್ ಆಡದ ನಾಡಿಗೆ ಬೇಸ್‌ಬಾಲಿನ ಮಾತುಗಳು ಮೇಲ್‌ಗಳಲ್ಲಿ, ಮೀಟಿಂಗುಗಳಲ್ಲಿ ದಿನವೂ ಬಂದು ಬೀಳುತ್ತಿವೆ. ‘ಟಚ್ ಬೇಸ್’ ಎಂದರೆ ಒಮ್ಮೆ ಮಾತಾಡಿಕೊಳ್ಳೋಣ ಎಂದು. ‘ರೇನ್ ಚೆಕ್’ ಎಂದರೆ ಈಗ ಬೇಡ, ಇನ್ನೊಮ್ಮೆ ನೋಡೋಣ ಎಂದು. ಮಳೆ ಬಂದು ಆಟ ನಿಂತರೆ ಮತ್ತೊಂದು ದಿನದ ಆಟಕ್ಕೆ ಬಿಡಲು ಪ್ರೇಕ್ಷಕರಿಗೆ ಕೊಡುತ್ತಿದ್ದ ಚೀಟಿಯಿಂದ ಹುಟ್ಟಿದ ಮಾತು ಅದು.

ಇದೇ ಹೆಗ್ಗನಹಳ್ಳಿಯ ಹುಡುಗನ ಮುಂದೆ ‘ಹ್ಯಾಟ್ರಿಕ್’ ಎಂದು ನೋಡಿ. ಅರ್ಥ ಹೇಳಿಕೊಡುವವರೇ ಬೇಡ. ಮೂರನೇ ಬಾರಿ ಗೆದ್ದ ಶಾಸಕರಿಗೂ ಅದೇ ಮಾತು, ಸತತ ಮೂರು ಸಿನಿಮಾ ಓಡಿದ ನಟನಿಗೂ ಅದೇ. ಶಿವರಾಜ್‌ಕುಮಾರ್ ಅವರಿಗಂತೂ ಅದು ಬಿರುದಾಗಿಯೇ ನಿಂತಿತು. 1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಎಚ್.ಎಚ್. ಸ್ಟೀಫನ್ಸನ್ ಎಂಬ ಬೌಲರ್ ಮೂರು ಎಸೆತಗಳಲ್ಲಿ ಮೂರು ವಿಕೆಟ್ ಕಿತ್ತಾಗ ಜನ ಚಂದಾ ಎತ್ತಿ ಅವನಿಗೊಂದು ಟೋಪಿ ಕೊಡಿಸಿದರು ಎನ್ನುವುದು ಆ ಪದದ ಹಿಂದಿನ ಕಥೆ. ಕಥೆ ಗೊತ್ತಿಲ್ಲದಿದ್ದರೂ ಆಟ ಗೊತ್ತಿದೆ, ಹಾಗಾಗಿ ಪದ ಗೊತ್ತಿದೆ. ‘ಕ್ಲೀನ್ ಬೌಲ್ಡ್ ಆದ’ ಎಂದು ಪ್ರೀತಿಯಲ್ಲಿ ಬಿದ್ದ ಗೆಳೆಯನನ್ನು ಛೇಡಿಸುವವನು ಆ ಮಾತನ್ನು ಯಾವ ನುಡಿಗಟ್ಟಿನ ಪುಸ್ತಕದಿಂದಲೂ ಕಲಿತಿಲ್ಲ. ಸ್ಪೋಕನ್ ಇಂಗ್ಲಿಷ್ ದಂಧೆ ಮುಚ್ಚಿಡುವ ಸಂಗತಿ ಇದೇ. ನುಡಿಗಟ್ಟು ತಿಳಿಯದಿರುವುದು ಭಾಷೆಯ ಕೊರತೆಯಾಗಿರುವುದು ಕಡಿಮೆ. ಬಹಳ ಸಲ ಅದು ಬೇರೊಂದು ಊರಿನ ಆಟ, ಅಡುಗೆ, ಹವೆ, ದೇವರು ತಿಳಿಯದಿರುವುದಷ್ಟೇ.

ಆದರೆ ಸುಂಕದಕಟ್ಟೆಯಿಂದ ರಾಜಾಜಿನಗರದವರೆಗೆ ವಿದ್ಯುತ್ ಕಂಬಗಳ ಮೇಲೆ ಅಂಟಿಸಿರುವ ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಚೀಟಿಗಳು ಇದನ್ನು ಕಲಿಯುವವನ ತಪ್ಪೆಂದೇ ನಂಬಿಸುತ್ತವೆ. ಒಂದು ಕಾಲಕ್ಕೆ ಕಪಿಲ್ ದೇವ್ ಮುಖ ಹೊತ್ತ ರ‍್ಯಾಪಿಡೆಕ್ಸ್ ಪುಸ್ತಕದ ಜಾಹೀರಾತು ಮನೆಮನೆ ತಲುಪಿತ್ತು. ಹರಿಯಾಣದ ಹುಡುಗ ವಿಶ್ವಕಪ್ ಎತ್ತಿ ಇಂಗ್ಲಿಷಿನಲ್ಲಿ ಮಾತಾಡಬಲ್ಲನಾದರೆ ನಮಗೇಕೆ ಆಗದು ಎಂಬ ಧೈರ್ಯ ಆ ಜಾಹೀರಾತಿನಲ್ಲಿತ್ತು, ಅದು ಸಣ್ಣದಲ್ಲ. ತೊಂದರೆ ಇರುವುದು ಅಂಥ ಪುಸ್ತಕಗಳು ಮತ್ತು ಕ್ಲಾಸುಗಳ ಕೊನೆಯಲ್ಲಿ ಬರುವ ಪಟ್ಟಿಯಲ್ಲಿ. ಎಡಗಡೆ ನೂರು ನುಡಿಗಟ್ಟು, ಬಲಗಡೆ ನೂರು ಅರ್ಥ, ಬಾಯಿಪಾಠ ಮಾಡಿ. ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು, ಈಗ ಯಾರಾದರೂ ಹೇಳುತ್ತಾರೆಯೇ ಎಂಬುದರ ಸುಳಿವಿಲ್ಲ. ಪಟ್ಟಿಯಲ್ಲಿ ‘ಕಿಕ್ ದ ಬಕೆಟ್’ ಎಂದರೆ ಸಾಯು ಎಂದಿರುತ್ತದೆ. ಹೆಗ್ಗನಹಳ್ಳಿ ಕ್ರಾಸಿನಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಕಟ್ಟುವ ಫ್ಲೆಕ್ಸಿನ ಮೇಲೆ ‘ಗೊಟಕ್ ಅಂದರು’ ಎಂದು ಬರೆಸುವವರು ಉಂಟೇ? ಅಲ್ಲಿ ಶಿವೈಕ್ಯರಾದರು, ದೈವಾಧೀನರಾದರು ಎಂದೇ ಇರಬೇಕು. ಬಕೆಟ್ ಒದೆಯುವುದು ಇಂಗ್ಲಿಷಿನ ‘ಗೊಟಕ್’. ಇಷ್ಟು ಹೇಳಿದರೆ ಮುಗಿಯಿತು. ಕನ್ನಡದ ಮೂಲಕ ಹೇಳಿದರೆ ಅರ್ಧ ನಿಮಿಷದ ಪಾಠ, ಪಟ್ಟಿಯ ಮೂಲಕ ಕಲಿತರೆ ಬಾಸಿನ ತಂದೆ ತೀರಿಕೊಂಡ ದಿನ ಆಗುವ ಅವಾಂತರ.

ಪಟ್ಟಿಯ ಇನ್ನೊಂದು ಖಾಯಂ ಅತಿಥಿ, ನಾಯಿ ಬೆಕ್ಕುಗಳ ಮಳೆ. ಆಕಾಶದಿಂದ ನಾಯಿ ಬೀಳುವುದು ವಿಚಿತ್ರವೆಂದು ನಗುವ ಕನ್ನಡಿಗರು ‘ಮುಸಲಧಾರೆ’ ಎಂದು ಪ್ರತಿ ಮುಂಗಾರಿನಲ್ಲೂ ಬರೆಯುತ್ತಾರೆ. ಮುಸಲವೆಂದರೆ ಒನಕೆ. ನಾಯಿ ಬಿದ್ದರೆ ಬದುಕಬಹುದು, ಒನಕೆ ಬಿದ್ದರೆ ಉಳಿಯುವವರು ಯಾರು! ಪರಿಚಯದ ಮಾತು ವಿಚಿತ್ರವಾಗಿ ಕಾಣುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅಂದಹಾಗೆ, ಹುಲ್ಲಿನ ಸೂರಿನ ಮೇಲೆ ಮಲಗಿದ್ದ ನಾಯಿ ಬೆಕ್ಕುಗಳು ಮಳೆಗೆ ಜಾರಿ ಬೀಳುತ್ತಿದ್ದವು ಎಂದು ವಾಟ್ಸ್ಆ್ಯಪಿನಲ್ಲಿ ಸುತ್ತುವ ವಿವರಣೆ ಕಟ್ಟುಕಥೆ. ನೆನಪಿಟ್ಟುಕೊಳ್ಳಲು ಒಳ್ಳೆಯದು, ನಂಬಲು ಅಲ್ಲ.

ಕನ್ನಡದ ಮನೆಯೊಳಗೇ ಸಿಗುವ ಕೀಲಿಕೈಗಳಲ್ಲಿ ಕೆಲವಂತೂ ಬೆರಗು ಹುಟ್ಟಿಸುತ್ತವೆ. ರಂಗಕ್ಕೆ ಹೊರಟ ನಟನಿಗೆ ಇಂಗ್ಲಿಷಿನವರು ‘ಬ್ರೇಕ್ ಎ ಲೆಗ್’ ಎನ್ನುತ್ತಾರೆ, ಕಾಲು ಮುರಿದುಕೋ ಎಂದು. ಮೊದಲ ಬಾರಿ ಕೇಳಿದವರಿಗೆ ಎದೆ ಧಸಕ್ಕೆನ್ನಬೇಕು. ಒಳ್ಳೆಯದಾಗಲಿ ಎಂದು ನೇರ ಹೇಳಿದರೆ ಕೇಡಾಗುತ್ತದೆಂದು ರಂಗಭೂಮಿಯವರ ನಂಬಿಕೆ, ಅದಕ್ಕೇ ತಿರುಗಿಸಿ ಹೇಳುವುದು. ಈ ತಿರುವು ಹಳೇ ಮೈಸೂರಿನ ಅಜ್ಜಿಯರಿಗೆ ಹೊಸತೇ? ದೀಪ ಆರಿಸು ಎನ್ನಬಾರದು, ‘ದೀಪ ದೊಡ್ಡದು ಮಾಡು’ ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು, ‘ಬಳೆ ಹೆಚ್ಚಿತು’ ಎನ್ನಬೇಕು. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎಂದರೆ ‘ಹೋಗಿ ಬರ್ತೀನಿ ಅನ್ನು’ ಎಂಬ ಗದರಿಕೆ. ಮುದ್ದಾದ ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು ಅಂದಗೆಡಿಸುವುದೂ ಇದೇ ತರ್ಕ. ಅಲ್ಲಿ ಕೆಟ್ಟದ್ದನ್ನು ಆಡಿ ಒಳ್ಳೆಯದನ್ನು ಕರೆಯುತ್ತಾರೆ, ಇಲ್ಲಿ ಒಳ್ಳೆಯದನ್ನು ಆಡಿ ಕೆಟ್ಟದ್ದನ್ನು ತಡೆಯುತ್ತಾರೆ. ಭಯ ಒಂದೇ: ಆಡಿದ ಮಾತು ಯಾರ ಕಿವಿಗೋ ಬಿದ್ದೀತು. ಇದನ್ನು ಹೇಳಿಕೊಟ್ಟ ಮೇಲೆ ‘ಬ್ರೇಕ್ ಎ ಲೆಗ್’ ಮರೆಯುವುದು ಕಷ್ಟ.

ಇನ್ನೊಂದು ‘ಬ್ಲೂ ಮೂನ್’. ಬಹಳ ಅಪರೂಪಕ್ಕೆ ನಡೆಯುವುದನ್ನು ‘ಒನ್ಸ್ ಇನ್ ಎ ಬ್ಲೂ ಮೂನ್’ ಎನ್ನುತ್ತಾರೆ. ಒಂದೇ ಇಂಗ್ಲಿಷ್ ತಿಂಗಳಲ್ಲಿ ಬರುವ ಎರಡನೇ ಹುಣ್ಣಿಮೆಗೆ ಈಗ ಆ ಹೆಸರಿದೆ. 1946ರಲ್ಲಿ ಅಮೆರಿಕದ ಖಗೋಳ ಪತ್ರಿಕೆಯೊಂದರ ಲೇಖನ ಹಳೆಯ ಪಂಚಾಂಗದ ಲೆಕ್ಕವನ್ನು ತಪ್ಪಾಗಿ ಓದಿದ್ದರಿಂದ ಹರಡಿದ ವಿವರಣೆ ಅದು. ‘ಹುಣ್ಣಿಮೆಗೋ ಅಮಾವಾಸ್ಯೆಗೋ ಒಮ್ಮೆ’ ಎಂಬ ಕನ್ನಡದ ಮಾತು ಇದಕ್ಕೆ ಹತ್ತಿರವೆಂದು ಮೇಲುನೋಟಕ್ಕೆ ತೋರುತ್ತದೆ. ಅದಕ್ಕಿಂತ ಹತ್ತಿರದ ನೆಂಟ ಗೋಡೆಯ ಮೇಲೆ ತೂಗುವ ಪಂಚಾಂಗದಲ್ಲಿದ್ದಾನೆ: ಅಧಿಕ ಮಾಸ. ಚಾಂದ್ರಮಾನದ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆ ಬಾಕಿ ಗುಡ್ಡೆಯಾಗಿ ಸುಮಾರು 32 ತಿಂಗಳಿಗೊಮ್ಮೆ ನಮ್ಮಲ್ಲಿ ಅಧಿಕ ಮಾಸವಾಗುತ್ತದೆ, ಅವರಲ್ಲಿ ಎರಡನೇ ಹುಣ್ಣಿಮೆಯಾಗುತ್ತದೆ. 19 ವರ್ಷಕ್ಕೆ ಅಧಿಕ ಮಾಸ ಏಳು, ಬ್ಲೂ ಮೂನ್‌ಗಳೂ ಸುಮಾರು ಏಳು. 2023ರಲ್ಲಿ ಅಧಿಕ ಶ್ರಾವಣ ಬಂದಾಗ ಆಗಸ್ಟ್ ತಿಂಗಳಿಗೆ ಎರಡು ಹುಣ್ಣಿಮೆ. 2026ರ ಅಧಿಕ ಜ್ಯೇಷ್ಠಕ್ಕೆ ಮೇ ತಿಂಗಳಲ್ಲಿ ಎರಡು. ಅಳಿಯನಿಗೆ ಅಧಿಕ ಮಾಸದ ಬಾಗಿನ ಕೊಡುವ ಅತ್ತೆಗೆ ಬ್ಲೂ ಮೂನ್ ಎಷ್ಟು ಅಪರೂಪವೆಂದು ಇಂಗ್ಲಿಷ್ ಮೇಷ್ಟರಿಗಿಂತ ಖಚಿತವಾಗಿ ಗೊತ್ತು.

ಎಲ್ಲವೂ ಹೀಗೆ ಸಲೀಸಾಗಿ ಕೂಡಿಬರುವುದಿಲ್ಲ. ಒಂದೇ ವೇಷ ಹಾಕಿಕೊಂಡು ಬೇರೆ ಅರ್ಥ ಹೇಳುವ ಮಾತುಗಳೇ ನಿಜವಾದ ಅಪಾಯ. ಗಾರ್ಮೆಂಟ್ಸ್ ಲೈನಿನಲ್ಲಿ ‘ಶೀ ಗೇವ್ ಮೀ ಎ ಹ್ಯಾಂಡ್’ ಎಂದು ಯಾರಾದರೂ ಹೊಗಳಿದರೆ, ಪದಕ್ಕೆ ಪದ ಇಟ್ಟು ಕೇಳಿಸಿಕೊಂಡವಳು ‘ಅಯ್ಯೋ, ಕೈ ಕೊಟ್ಟಳಾ?’ ಎಂದಾಳು. ಅಲ್ಲಿ ನೆರವು, ಇಲ್ಲಿ ದ್ರೋಹ. ಅಲ್ಲಿ ಸ್ಟೀಫನ್ಸನ್‌ಗೆ ಟೋಪಿ ಸಿಕ್ಕರೆ ಗೌರವ, ಇಲ್ಲಿ ಚೀಟಿ ನಡೆಸುವವನು ಟೋಪಿ ಹಾಕಿದರೆ ಪೊಲೀಸ್ ಠಾಣೆ. ‘ಕಾಲೆಳೆಯುವುದು’ ಎರಡೂ ಕಡೆ ತಮಾಷೆಯೇ, ಆದರೆ ಕನ್ನಡದಲ್ಲಿ ಮೇಲೇರುತ್ತಿರುವವನನ್ನು ಕೆಳಕ್ಕೆ ಜಗ್ಗುವುದೂ ಹೌದು.

ಕಲಿತವರೆಲ್ಲ ಈ ಗುಂಡಿಯಿಂದ ಪಾರಾದವರು ಎಂದುಕೊಳ್ಳಬೇಕಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಸೇನಾ ಮುಖ್ಯಸ್ಥರು ಒಂದು ವಿಷಯವನ್ನು ‘ಟೇಬಲ್’ ಮಾಡಬೇಕೇ ಬೇಡವೇ ಎಂದು ಬಹಳ ಹೊತ್ತು ಜಗಳವಾಡಿದ್ದನ್ನು ಚರ್ಚಿಲ್ ತಮ್ಮ ಯುದ್ಧದ ಚರಿತ್ರೆಯಲ್ಲಿ ಬರೆದಿದ್ದಾರೆ. ಬ್ರಿಟಿಷರಿಗೆ ಅದು ಕೂಡಲೇ ಚರ್ಚೆಗೆ ಇಡುವುದು, ಅಮೆರಿಕನ್ನರಿಗೆ ಬದಿಗಿಡುವುದು. ಇಬ್ಬರಿಗೂ ಬೇಕಾಗಿದ್ದು ಒಂದೇ ಎಂದು ಕಡೆಗೆ ಗೊತ್ತಾಯಿತು. ವಿಧಾನಸೌಧದಲ್ಲಿ ವರದಿ ‘ಟೇಬಲ್’ ಆಯಿತು ಎಂದರೆ ಬ್ರಿಟಿಷರ ಅರ್ಥವೇ. ಮಂಡನೆಯಾದ ಮೇಲೆ ಎಷ್ಟು ವರದಿಗಳು ಅಮೆರಿಕನ್ ಅರ್ಥಕ್ಕೆ ತಿರುಗುತ್ತವೆ ಎನ್ನುವುದು ಬೇರೆ ಮಾತು.

ನಗು ನಿಲ್ಲಬೇಕಾದ ಜಾಗವೂ ಒಂದಿದೆ. ರಸ್ತೆಯಲ್ಲಿ ಅಪಘಾತವಾಗಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು, ಕೋರ್ಟು ಅಲೆದಾಡಿಸಬಾರದು ಎಂದು ಕಾನೂನಿನಲ್ಲೇ ಇದೆ. ಸುಪ್ರೀಂ ಕೋರ್ಟ್ 2016ರಲ್ಲಿ ಆ ಕುರಿತ ಮಾರ್ಗಸೂಚಿಗಳಿಗೆ ಬಲ ಕೊಟ್ಟಿತು. ಇದಕ್ಕಾಗಿ ಪ್ರತ್ಯೇಕ ಕಾಯ್ದೆಯನ್ನೇ ತಂದ ಮೊದಲ ರಾಜ್ಯ ಕರ್ನಾಟಕ. 2016ರಲ್ಲಿ ರೂಪಿಸಿದ ಆ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಎಂಬ ಕಲಂ ಸೇರಿತು. ಇಷ್ಟು ಒಳ್ಳೆಯ ಹಕ್ಕಿಗೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು ‘ಗುಡ್ ಸಮರಿಟನ್’. ಅದನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇಳಿಸಿ, ಜನರಿಗೆ ತಿಳಿಸಿ ಆಯಿತು ಎಂದುಕೊಳ್ಳುವ ರೂಢಿಯೂ ಬೆಳೆದಿದೆ.

ಸಮರಿಟನ್ ಯಾರು? ಬೈಬಲ್ಲಿನ ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಕಥೆ ಅದು. ಜೆರುಸಲೇಮಿನಿಂದ ಜೆರಿಕೋಗೆ ಹೊರಟವನನ್ನು ಕಳ್ಳರು ಬಡಿದು ದಾರಿಯಲ್ಲಿ ಬಿಸಾಡುತ್ತಾರೆ. ಪುರೋಹಿತ ನೋಡಿಯೂ ನೋಡದಂತೆ ಹೋಗುತ್ತಾನೆ, ದೇವಾಲಯದ ಸೇವೆಯ ಇನ್ನೊಬ್ಬನೂ ಹಾಗೆಯೇ. ಯೆಹೂದಿಗಳು ಕೀಳಾಗಿ ಕಾಣುತ್ತಿದ್ದ ಸಮಾರ್ಯದವನೊಬ್ಬ ನಿಂತು, ಗಾಯ ಕಟ್ಟಿ, ಛತ್ರಕ್ಕೆ ಸೇರಿಸಿ, ಖರ್ಚಿಗೆ ಹಣವನ್ನೂ ಕೊಡುತ್ತಾನೆ. ಚರ್ಚಿಗೆ ಹೋಗುವವರಿಗೆ ಈ ಹೆಸರು ಕಿವಿಗೆ ಬಿದ್ದೊಡನೆ ಇಡೀ ಕಥೆ ಕಣ್ಣ ಮುಂದೆ ಬರುತ್ತದೆ. ಮಾಗಡಿ ರಸ್ತೆಯಲ್ಲಿ ರಾತ್ರಿ ಹನ್ನೊಂದಕ್ಕೆ ಸೆಕೆಂಡ್ ಶಿಫ್ಟ್ ಮುಗಿಸಿ ಬರುವವನಿಗೆ ಅದು ಯಾವುದೋ ಇನ್ಶೂರೆನ್ಸ್ ಕಂಪನಿಯ ಹೆಸರಿನಂತೆ ಕೇಳಿಸುತ್ತದೆ. ‘ಗಾಯಾಳುವಿಗೆ ನೆರವಾದವರನ್ನು ಯಾರೂ ಅಲೆದಾಡಿಸುವಂತಿಲ್ಲ’ ಎಂದು ನೇರ ಬರೆದರೆ ಸಾಕಿತ್ತು. ಆಪದ್ಬಾಂಧವ ಎಂಬ ಪದವಂತೂ ಎಲ್ಲರ ಬಾಯಲ್ಲೂ ಇದೆ. ಒಂದು ಸಾಂಸ್ಕೃತಿಕ ಉಲ್ಲೇಖ ತಿಳಿಯದ್ದರಿಂದ ಒಬ್ಬ ಬೈಕ್ ನಿಲ್ಲಿಸದೆ ಮುಂದೆ ಹೋದರೆ ಆ ತಪ್ಪನ್ನು ಅವನ ಇಂಗ್ಲಿಷಿನ ಮೇಲೆ ಹೊರಿಸುವುದು ಅನ್ಯಾಯ.

ಸರ್ಕಾರಿ ಕಾಗದಗಳಲ್ಲಿ ಈ ಉದಾಸೀನ ಹೊಸದಲ್ಲ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ, ಕನ್ನಡದ ಪ್ರಶ್ನೆ ಅರ್ಥವಾಗಬೇಕಾದರೆ ಇಂಗ್ಲಿಷ್ ಪ್ರಶ್ನೆ ಓದಬೇಕು ಎಂದು ಅಭ್ಯರ್ಥಿಗಳು ಬೀದಿಗಿಳಿದರು. ಸರ್ಕಾರ ಮರುಪರೀಕ್ಷೆಗೆ ಆದೇಶಿಸಿತು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯ ಅನುವಾದದ ಮೇಲೂ ಅದೇ ದೂರು. ವಿಜಯನಗರದ ಪಿ.ಜಿ.ಗಳಲ್ಲಿದ್ದು ಕೋಚಿಂಗಿಗೆ ಹೋಗುವ ಹುಡುಗ ಹುಡುಗಿಯರಿಗೆ ಇದು ಭಾಷಾಶಾಸ್ತ್ರದ ಪ್ರಶ್ನೆಯಲ್ಲ, ಬದುಕಿನ ಪ್ರಶ್ನೆ.

ಯಂತ್ರಕ್ಕೂ ಇದೇ ಗತಿ, ಆದರೆ ಎದುರು ದಿಕ್ಕಿನಲ್ಲಿ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ನಿಧನರಾದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅಂತಿಮ ದರ್ಶನ ಪಡೆದ ಸುದ್ದಿಯನ್ನು ಫೇಸ್‌ಬುಕ್‌ನ ಸ್ವಯಂ ಅನುವಾದ ಇಂಗ್ಲಿಷಿಗೆ ತಂದ ಪರಿ ಹೇಗಿತ್ತೆಂದರೆ, ಓದಿದವರಿಗೆ ತೀರಿಕೊಂಡವರು ಮುಖ್ಯಮಂತ್ರಿಗಳೇ ಎನಿಸುತ್ತಿತ್ತು. ಅವರ ಮಾಧ್ಯಮ ಸಲಹೆಗಾರರು ಮೆಟಾ ಕಂಪನಿಗೆ ಪತ್ರ ಬರೆದರು, ಕಂಪನಿ ಕ್ಷಮೆ ಕೇಳಿತು. ‘ಅಂತಿಮ ದರ್ಶನ’ ಎಂಬ ಎರಡು ಪದದಲ್ಲಿ ದೇವಸ್ಥಾನವೂ ಇದೆ, ಸಾವಿನ ಮನೆಯೂ ಇದೆ. ಎರಡನ್ನೂ ಕಾಣದವರಿಗೆ, ಅವರು ಮನುಷ್ಯರಾಗಲಿ ಯಂತ್ರವಾಗಲಿ, ಅದು ದಾಟುವುದಿಲ್ಲ.

ಹಾಗೆ ನೋಡಿದರೆ ಇಂಗ್ಲಿಷಿನವರ ಒಗಟುಗಳಲ್ಲಿ ಕೆಲವು ಇಲ್ಲಿಂದಲೇ ಹೋದವು. ತಲೆಕೆಟ್ಟವನನ್ನು ಬ್ರಿಟಿಷರು ‘ಡೂಲ್ಯಾಲಿ’ ಎನ್ನುತ್ತಾರೆ. ನಾಸಿಕ್ ಬಳಿಯ ದೇವಳಾಲಿ ಸೇನಾ ಶಿಬಿರದಲ್ಲಿ ಊರಿಗೆ ಮರಳುವ ಹಡಗಿಗಾಗಿ ಕಾದು ಕಾದು ಹುಚ್ಚು ಹಿಡಿಸಿಕೊಂಡ ಸೈನಿಕರಿಂದ ಬಂದ ಮಾತು. ಪುರಿ ಜಗನ್ನಾಥನ ರಥದಿಂದ ‘ಜಗರ್‌ನಾಟ್’ ಹುಟ್ಟಿ, ಬ್ರಿಟನ್ನಿನಲ್ಲಿ ಅದು ಭಾರಿ ಲಾರಿಯ ಹೆಸರಾಯಿತು. ತುಮಕೂರು ರಸ್ತೆಯಲ್ಲಿ ನಿಂತರೆ ಗಂಟೆಗೆ ನೂರಾರು ಜಗನ್ನಾಥರ ದರ್ಶನ. ಇಪ್ಪತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ‘ಬ್ಯಾಂಗಲೋರ್ಡ್’ ಎಂಬ ಕ್ರಿಯಾಪದವೂ ಓಡಾಡಿತ್ತು. ಕೆಲಸ ಹೊರದೇಶಕ್ಕೆ ಹೋಗಿ ನೌಕರಿ ಕಳೆದುಕೊಂಡವನು ಬ್ಯಾಂಗಲೋರ್ಡ್ ಆದವನು. ಅದೇ ಹೊತ್ತಿನಲ್ಲಿ ಇಲ್ಲಿನ ಕಾಲ್‌ಸೆಂಟರ್‌ಗಳಲ್ಲಿ ಯುವಕರು ಅಮೆರಿಕನ್ ಹೆಸರಿಟ್ಟುಕೊಂಡು, ಅಮೆರಿಕನ್ ಸೀರಿಯಲ್ ನೋಡಿ, ಉಚ್ಚಾರಣೆ ತಿದ್ದಿಕೊಳ್ಳುತ್ತಿದ್ದರು. ಬೇಸ್‌ಬಾಲ್ ಇವರ ಮಾತಿಗೆ ಬಂತು, ಬೆಂಗಳೂರು ಅವರ ಮಾತಿಗೆ ಹೋಯಿತು.

ಹೆಗ್ಗನಹಳ್ಳಿಯ ಇಂಗ್ಲಿಷಿಗೂ ಒಂದು ಮೈಕಟ್ಟಿದೆ. ‘ಸಿಂಪ್ಲಿ ಐ ಕೇಮ್’ ಎಂದರೆ ‘ಸುಮ್ನೆ ಬಂದೆ’. ಕಾರಣವಿಲ್ಲದೆ, ಆದರೆ ಪ್ರೀತಿಯಿಂದ ಬರುವ ಆ ‘ಸುಮ್ನೆ’ಗೆ ಲಂಡನ್ನಿನ ಇಂಗ್ಲಿಷಿನಲ್ಲಿ ಒಂದೇ ಪದವಿಲ್ಲ. ‘ಹೆಡ್ ಬಾತ್’, ‘ಐ ವಿಲ್ ಗೋ ಅಂಡ್ ಕಮ್’, ‘ಔಟ್ ಆಫ್ ಸ್ಟೇಷನ್’ ಎಲ್ಲವೂ ಇಲ್ಲಿ ಚೆನ್ನಾಗಿ ನಡೆಯುತ್ತವೆ. ಇಂಟರ್‌ವ್ಯೂನಲ್ಲಿ ‘ಪಾಸ್ಡ್ ಔಟ್ ಇನ್ 2019’ ಎಂದರೆ ಮಾತ್ರ ಅಮೆರಿಕದವನಿಗೆ ಆ ವರ್ಷ ಮೂರ್ಛೆ ಹೋದದ್ದು ಎಂದು ಕೇಳಿಸೀತು. ತಪ್ಪು ಎಂದು ಬೈಯುವ ಬದಲು ಯಾವ ಮಾತು ಯಾವ ಊರಲ್ಲಿ ಚಲಾವಣೆ ಎಂದು ಹೇಳಿಕೊಡುವ ಮೇಷ್ಟರು ಬೇಕು.

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಶುರುವಾಗಿದ್ದು 2007-08ರಲ್ಲಿ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಸುಳಿಯಬಾರದು, ಸುಳಿದರೆ ದಂಡ ಎಂಬ ಖಾಸಗಿ ಶಾಲೆಗಳ ಮಡಿ ಮಾತ್ರ ಇನ್ನೂ ಆದರ್ಶವಾಗಿಯೇ ಉಳಿದಿದೆ. ನುಡಿಗಟ್ಟಿನ ಮಟ್ಟಿಗೆ ಈ ಮಡಿ ಕೆಲಸಕ್ಕೆ ಬಾರದು. ಇಂಗ್ಲಿಷ್ ಬಾರದ ಬಸವಪ್ಪ ಶಾಸ್ತ್ರಿಗಳು ಸಿ. ಸುಬ್ಬರಾಯರಿಂದ ‘ಒಥೆಲೋ’ ಕಥೆ ಕೇಳಿ ತಿಳಿದು ‘ಶೂರಸೇನ ಚರಿತ್ರೆ’ ಬರೆದದ್ದು ಹತ್ತೊಂಬತ್ತನೇ ಶತಮಾನದಲ್ಲೇ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣ ಓದುಗರ ಒಂದೊಂದು ಪದದ ಅನುಮಾನಕ್ಕೂ ಅದರ ಊರು ಕೇರಿ ಹುಡುಕಿ ಉತ್ತರಿಸುತ್ತಿತ್ತು. ಇಂಗ್ಲಿಷ್ ಕಲಿಯುವವರಿಗೆ ಅಂಥದ್ದೊಂದು ‘ಇಗೋ ಇಂಗ್ಲಿಷ್’ ಕನ್ನಡದಲ್ಲೇ ಬೇಕು. ಪತ್ರಿಕೆಗಳೂ ಇಲ್ಲಿ ಕೈ ಕಟ್ಟಿ ಕೂರುವಂತಿಲ್ಲ. ‘ರೆಡ್ ಕಾರ್ಪೆಟ್’ ಅನ್ನು ‘ರತ್ನಗಂಬಳಿ’ ಮಾಡಿದ ಅನಾಮಧೇಯ ಉಪಸಂಪಾದಕರ ಜಾಣ್ಮೆಗೆ ನಮಸ್ಕಾರ. ಐಸ್‌ಬರ್ಗ್ ಕಾಣದ ನಾಡಿನಲ್ಲಿ ಪ್ರತಿ ಹಗರಣವೂ ‘ಮಂಜುಗಡ್ಡೆಯ ತುದಿ’ ಮಾತ್ರ ಆಗಿರುವುದಕ್ಕೆ ಕ್ಷಮೆ ಕೇಳಬೇಕು.

ಇನ್ನು, ಭಾರವನ್ನೆಲ್ಲ ಕಲಿಯುವವರೇ ಏಕೆ ಹೊರಬೇಕು? ಹೆಗ್ಗನಹಳ್ಳಿಯ ಶೆಡ್ಡಿಗೆ ಬರೆಯುವ ಮ್ಯಾನೇಜರು ‘ಬಾಲ್‌ಪಾರ್ಕ್’ ಬಿಟ್ಟು ‘ಅಪ್ರಾಕ್ಸಿಮೇಟ್’ ಎಂದು ಬರೆದರೆ ಅವರ ಇಂಗ್ಲಿಷೇನೂ ಬಡವಾಗದು, ಉತ್ತರವೂ ಬೇಗ ಬರುತ್ತದೆ. ಯಜಮಾನರ ತಲೆಯಲ್ಲಿ ಲೆಕ್ಕ ಆಗಲೇ ಸಿದ್ಧವಿದೆ: ಮೆಟೀರಿಯಲ್ ತೂಕ, ಸೈಕಲ್ ಟೈಮು, ಮೆಷಿನಿನ ಗಂಟೆಯ ರೇಟು, ಟೂಲು ಸವೆತ. ಮಗ ಮೊಬೈಲಿನಲ್ಲಿ ಹುಡುಕಿ ಬಾಲ್‌ಪಾರ್ಕಿನ ಅರ್ಥ ಓದಿ ಹೇಳಿದರೆ ಅವರು ‘ಓ, ಹೆಚ್ಚುಕಮ್ಮಿ ಎಷ್ಟು ಅಂತ ಕೇಳವ್ರೆ’ ಎಂದು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಗೀಚುತ್ತಾರೆ. ಆ ಮ್ಯಾನೇಜರೇನಾದರೂ ಮುಂದೊಂದು ದಿನ ಬೆಂಗಳೂರಿಗೆ ಬಂದು ಕನ್ನಡ ಕಲಿಯತೊಡಗಿದರೆ ಅವರಿಗೂ ಇದೇ ಪದ ಕಾದಿದೆ. ‘ಹೆಚ್ಚುಕಮ್ಮಿ ನೂರು ರೂಪಾಯಿ’ ಎಂದರೆ ಅಂದಾಜು, ‘ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಫೋನ್ ಮಾಡಿ’ ಎಂದರೆ ಅನಾಹುತ.